ಹಿಂದಿನ ಸೀಟಿನ ಎಡಗಡೆ

ಮೇಷ್ಟ್ರು ಹೋಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಅವರ ಕಾರು ಕೊಳ್ಳುತ್ತೇನೆಂದು ಒಬ್ಬರು ಬಂದಿದ್ದರು. ಬಂದವರು ನೇರವಾಗಿ ಮುಂದಿನ ಸೀಟಿನಲ್ಲಿ ಕೂತು, ಸ್ಟಿಯರಿಂಗು ತಿರುಗಿಸಿ, ಹಾರನ್ನು ಅದುಮಿ, "ಗಾಡಿ ಪರವಾಗಿಲ್ಲ ಕಣ್ರೀ" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಆ ಕಾರನ್ನು ನೋಡುವ ರೀತಿ ಅದಲ್ಲ. ಅದನ್ನು ಹಿಂದಿನ ಸೀಟಿನಲ್ಲಿ ಕೂತು ನೋಡಬೇಕು, ಅದೂ ಎಡಗಡೆ. "ಕೊಡೋದಿಲ್ಲ, ಹೋಗಿ ಬನ್ನಿ" ಅಂದುಬಿಟ್ಟೆ. ಕಾರು ನನ್ನದಲ್ಲ. ಅದರ ಯಜಮಾನಿ ನಂಜನಗೂಡಿಗೆ ವಾಪಸು ಹೋಗಿದ್ದಾರೆ, ಕೊಡುವುದೋ ಬಿಡುವುದೋ ಅವರಿಗೆ ಸೇರಿದ್ದು. ಆದರೂ ಅಂದೆ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿಹೋಗುತ್ತಿರಲಿಲ್ಲ. ಮೈಸೂರಿನ ಲಕ್ಷ್ಮೀಪುರಂನ ನಮ್ಮ ಬೀದಿಗೆಲ್ಲ ಅವರು ಮೇಷ್ಟ್ರು, ಬೆನ್ನ ಹಿಂದೆ ಕಾರ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ತೆಳ್ಳಗೆ ಉದ್ದಕ್ಕೆ ಇದ್ದರು. ಹಣೆಯ ತುಂಬ ವಿಭೂತಿ, ಮುಚ್ಚುಕೋಟು, ಬಿರುಬೇಸಿಗೆಯಲ್ಲೂ ಕೈಯಲ್ಲೊಂದು ಕೊಡೆ. ಸ್ವಾತಂತ್ರ್ಯ ಬಂದ ವರ್ಷ ನಾನು ಮದುವೆಯಾಗಿ ಪಕ್ಕದ ಮನೆಗೆ ಬಂದಾಗ ಅವರು ಆಗಲೇ ಒಬ್ಬರೇ ಇದ್ದರು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ತಾವೇ ರಂಗೋಲಿ ಬಿಡುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರಲ್ಲವೆ, ಬೀದಿಯ ಹೆಂಗಸರೆಲ್ಲ ನಾಚಿಕೊಳ್ಳಬೇಕು, ಅಂಥ ರಂಗೋಲಿ. ಗಂಡಸು ಬಗ್ಗಿ ರಂಗೋಲಿ ಎಳೆಯುವುದನ್ನು ನಾನು ಮೊದಲು ಕಂಡದ್ದೇ ಅಲ್ಲಿ. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕೆ. ನಮ್ಮ ಅತ್ತೆ ಒಳಗೆ ಕರೆದು ವಿಷಯ ಹೇಳಿದರು. ಆಮೇಲೆ ನಗಲಿಲ್ಲ.

ವಿಷಯ ಇಷ್ಟು. ಮೇಷ್ಟ್ರ ಹೆಂಡತಿ ನಂಜನಗೂಡಿನವರು. ಚೊಚ್ಚಲ ಬಸುರಿ, ಇನ್ನೂ ದಿನ ತುಂಬಿರಲಿಲ್ಲ, ನೋವು ಕಾಣಿಸಿಕೊಂಡಿತು. ಜಟಕಾ ಮಾಡಿಕೊಂಡು ಆಸ್ಪತ್ರೆಗೆ ಹೊರಟರು. ಅಗೆದುಬಿಟ್ಟಿದ್ದ ರಸ್ತೆಯಲ್ಲಿ ಗಾಡಿಯ ಚಕ್ರ ಗುಂಡಿಗೆ ಬಿತ್ತು. ಮಗು ಉಳಿಯಲಿಲ್ಲ. ಬಾಣಂತನಕ್ಕೆಂದು ಅಪ್ಪ ಬಂದು ಮಗಳನ್ನು ಕರೆದುಕೊಂಡು ಹೋದರು. ಹೊಸಿಲು ದಾಟುವಾಗ ಆಕೆ ಗಂಡನ ಕಡೆ ತಿರುಗಿ, "ಒಂದು ಕಾರಿದ್ದಿದ್ರೆ ನನ್ನ ಮಗು ಉಳೀತಿತ್ತು. ಇನ್ನು ನೀವು ಕಾರ್ ತಂದು ಕರೆದ್ರೇ ಈ ಮನೆಗೆ ಬರೋದು" ಅಂದರಂತೆ.

ತವರಿಗೆ ಹೋದ ಹೆಣ್ಣು ತಾನಾಗಿ ಗಂಡನ ಮನೆಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಗಂಡನ ಕಡೆಯವರು ಹೂವು ಕುಂಕುಮ ತೆಗೆದುಕೊಂಡು ಹೋಗಿ ಕರೆಯಬೇಕು. ಕರೆಯಲು ಹೋಗದಿದ್ದರೆ ಬೇಡ ಅಂದ ಹಾಗೆ. ಮೇಷ್ಟ್ರಿಗೆ ಅಪ್ಪ ಅಮ್ಮ ಇರಲಿಲ್ಲ, ಹೋದರೆ ಅವರೇ ಹೋಗಬೇಕು. ಅವರು ಹೋಗಲಿಲ್ಲ. ಬೇಡ ಅಂತಲ್ಲ, ಕಾರು ಇರಲಿಲ್ಲ ಅಂತ.

ಹೀಗೂ ಉಂಟೇ ಅಂತ ನೀವು ಕೇಳಬಹುದು. ಅವರನ್ನು ಕಂಡವರು ಕೇಳುವುದಿಲ್ಲ. ಒಮ್ಮೆ ಕಾಂಪೌಂಡಿನ ಈಚೆಯಿಂದ ನಾನು ಮಾತಿಗೆ, "ನಾಳೆ ಒಬ್ಬಟ್ಟು ಮಾಡ್ತೀನಿ, ಊಟಕ್ಕೆ ಬಂದ್ಬುಡಿ ಮೇಷ್ಟ್ರೇ" ಅಂದಿದ್ದೆ. ಅಂದದ್ದು ಅಲ್ಲೇ ಮರೆತೆ. ಮಾರನೆಯ ದಿನ ಮಧ್ಯಾಹ್ನ ನೋಡುತ್ತೇನೆ, ಸ್ನಾನ ಮಾಡಿ ಮಡಿ ಪಂಚೆ ಉಟ್ಟು, ಅಂಗೈಯಲ್ಲಿ ಎರಡು ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮನೆಯಲ್ಲಿದ್ದದ್ದು ಉಪ್ಪುಸಾರು ಮುದ್ದೆ. ಅದನ್ನೇ ಬಡಿಸಿದೆ. ತಲೆ ಎತ್ತದೆ ಉಂಡು, "ಚೆನ್ನಾಗಿತ್ತು ಕಣಮ್ಮ" ಅಂದು ಎದ್ದು ಹೋದರು. ಒಬ್ಬಟ್ಟಿನ ಮಾತೇ ಎತ್ತಲಿಲ್ಲ. ಯಾರು ಏನು ಅಂದರೂ ಅವರು ಹಾಗೇ ನಂಬುತ್ತಿದ್ದರು. ಆಡಿದವರ ಬಾಯಿ ಒಂದು, ಮನಸ್ಸು ಒಂದು ಇರಬಹುದು ಅಂತ ಅವರಿಗೆ ಹೊಳೆಯುತ್ತಲೇ ಇರಲಿಲ್ಲ.

"ನಂಜನಗೂಡೇನು ಕಾಶಿಯಾ ಮೇಷ್ಟ್ರೇ? ಬೆಳಿಗ್ಗೆ ಬಸ್ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಕರ್ಕೊಂಡ್ ಬಂದ್ಬುಡಿ" ಅಂತ ನಾನು ಎಷ್ಟು ಸಲ ಜಗಳ ಆಡಿದೆನೋ.

"ಅವಳು ಕಾರಲ್ಲಿ ಅಂದಿದಾಳೆ ಕಣಮ್ಮ."

"ಬಾಡಿಗೆ ಕಾರ್ ಮಾಡ್ಕೊಂಡ್ ಹೋಗಿ."

"ಬಾಡಿಗೆ ಕಾರು ಅವಳನ್ನ ಇಳಿಸಿ ಹೊರಟುಹೋಗುತ್ತೆ. ಮತ್ತೆ ಬೇಕಾದಾಗ ಜಟಕಾನೇ."

ಅವರ ಹತ್ತಿರ ಯಾವ ಮಾತಿಗೂ ಒಂದು ನ್ಯಾಯ ಇರುತ್ತಿತ್ತು, ಅದೇ ಕಷ್ಟ.

ಸಂಸ್ಥಾನ ಹೋಗಿ ಹೊಸ ಸರ್ಕಾರ ಬಂದ ಮೇಲೆ ಮೈಸೂರಿನ ದೊಡ್ಡ ಮನೆಗಳ ಕಾರುಗಳು ಒಂದೊಂದಾಗಿ ಶೆಡ್ಡಿನಿಂದ ಹೊರಗೆ ಬಂದವು. ಚೆನ್ನಾಗಿದ್ದವು ಹೊರಗಿನವರ ಪಾಲಾದವು. ಮೇಷ್ಟ್ರ ಕೈಗೆ ಎಟಕುವಂಥವು ಎಂದರೆ ಇಂಜಿನ್ನು ಕಿತ್ತವು, ಮಾಡು ಹಾರಿಹೋದವು, ಗಿಡ ಬೆಳೆದುಕೊಂಡವು. ಅವುಗಳಲ್ಲೇ ಒಂದನ್ನು ಆರಿಸಿ ತಾವೇ ಕಟ್ಟಿ ನಿಲ್ಲಿಸುವುದೆಂದು ಅವರು ತೀರ್ಮಾನ ಮಾಡಿದರು. ಪ್ರತಿ ಭಾನುವಾರ ಕೊಡೆ ಹಿಡಿದು ಹೊರಡುವುದು, ಸಂಜೆ ಬಂದು ಕಾಂಪೌಂಡಿನ ಹತ್ತಿರ ನಿಂತು ನನಗೆ ವರದಿ ಒಪ್ಪಿಸುವುದು. ಆ ಕಾರುಗಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನನ್ನದೇ ಹೆಸರು ಇಟ್ಟುಕೊಂಡಿದ್ದೆ. ಪರದೆಯದು, ಕಪ್ಪೆಗಣ್ಣಿನದು, ಡಬರಿ ಮೂತಿಯದು. "ಕಪ್ಪೆಗಣ್ಣಿಂದು ಏನಾಯ್ತು?" ಅಂದರೆ, "ನೀರು ಚೆಲ್ಲಿತು" ಅನ್ನುತ್ತಿದ್ದರು.

ನೀರಿನ ಕಥೆ ಹೇಳಬೇಕು. ಗ್ಯಾರೇಜು ಇಟ್ಟಿದ್ದ ಸಾಬರೊಬ್ಬರು ಕಾರು ತೋರಿಸಲು ಇವರ ಜೊತೆ ಹೋಗುತ್ತಿದ್ದರು. ತುಂಬ ಒಳ್ಳೆಯ ಮನುಷ್ಯ, ಆದರೆ ಎಷ್ಟಂತ ತಾಳ್ಮೆ? "ನೋಡಮ್ಮ, ಬಂದೋರೆಲ್ಲ ಬಾನೆಟ್ಟು ಎತ್ತಿ ಇಂಜಿನ್ ನೋಡ್ತಾರೆ. ಈ ಸ್ವಾಮಿ ಹೋಗಿ ಹಿಂದುಗಡೆ ಸೀಟಲ್ಲಿ ಎಡಗಡೆ ಕೂತ್ಕೊಂಡು ಕಣ್ಣು ಮುಚ್ಕೋತಾರೆ. ಆಮೇಲೆ ಇಳಿದು ಆ ಜಾಗದಲ್ಲಿ ಚೊಂಬು ಇಟ್ಟು, ಕಂಠಮಟ್ಟ ನೀರು ತುಂಬಿ, ಗಾಡಿ ತಳ್ಳಿ ಅಂತಾರೆ. ಚೊಂಬಿಂದ ಒಂದು ತೊಟ್ಟು ಆಚೆ ಬಂದ್ರೆ ಆ ಕಾರು ಬೇಡ" ಅಂತ ನನ್ನ ಹತ್ತಿರ ದೂರು ಹೇಳಿದರು. ಅವರಿಗೆ ಕಾರಣ ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು, ಆಮೇಲೆ ಎಂದೂ ದೂರು ಹೇಳಲಿಲ್ಲ.

ಹೀಗೆ ವರ್ಷಗಳೇ ಹೋದವು. ಪರದೆಯದರಲ್ಲಿ ನೀರು ಚೆಲ್ಲಲಿಲ್ಲ, ಆದರೆ ಹತ್ತುವ ಮೆಟ್ಟಿಲು ಎತ್ತರ. "ಸೀರೆ ಉಟ್ಟವರಿಗೆ ಕಷ್ಟ" ಅಂತ ಬಿಟ್ಟರು. ಡಬರಿ ಮೂತಿಯದರ ಬಾಗಿಲು ದಢಾರನೆ ಬಡಿಯುತ್ತಿತ್ತು. "ಮಲಗಿದ ಕೂಸು ಎದ್ದುಬಿಡುತ್ತೆ" ಅಂದರು.

ಕೊನೆಗೆ ಕಾರು ಸಿಕ್ಕಿದ್ದು ನನ್ನ ತವರೂರು ಕಡಕೊಳದಲ್ಲಿ. ಅಲ್ಲಿನ ಅಕ್ಕಿಗಿರಣಿಯ ಹುಣಸೆಮರದ ಕೆಳಗೆ ಒಂದು ಹಳೇ ಕಾರು ಬಿದ್ದಿತ್ತು. ನಾನೇ ಹೇಳಿ, ತವರಿಗೆ ಹೋಗುವಾಗ ಮೇಷ್ಟ್ರನ್ನೂ ಸಾಬರನ್ನೂ ಕರೆದುಕೊಂಡು ಹೋದೆ. ಮುಂದಿನ ದೀಪ ಇಲ್ಲ, ಗಾಜಿಲ್ಲ, ಬಣ್ಣ ಯಾವುದಿತ್ತೋ ದೇವರೇ ಬಲ್ಲ. ಮೇಷ್ಟ್ರು ಚೊಂಬು ಹಿಡಿದು ಹಿಂದಿನ ಬಾಗಿಲು ತೆಗೆದರೆ, ಅವರು ಚೊಂಬು ಇಡುವ ಜಾಗದಲ್ಲೇ ಒಂದು ಕೋಳಿ ಕಾವಿಗೆ ಕೂತಿದೆ. ಹರಿದ ಸೀಟಿನ ಒಳಗೆ, ಸರಿಯಾಗಿ ಎಡಗಡೆ. ಗಿರಣಿ ಕಾವಲಿನವನದು. ಅವನು ಓಡಿಸಲು ಬಂದ. ಮೇಷ್ಟ್ರು ಬೇಡ ಅಂದರು. "ಅದು ಕೂತಿರ್ಲಿ, ನೀವು ಮೆತ್ತಗೆ ತಳ್ಳಿ."

ಸಾಬರೂ ಗಿರಣಿಯ ಆಳುಗಳೂ ಹಿಂದಿನಿಂದ ಕೈ ಕೊಟ್ಟರು. ಗಾಳಿ ಹೋದ ಚಕ್ರ, ಬೇರು ಎದ್ದ ನೆಲ. ಕಾರು ಹೊರಳಿಕೊಂಡು ಬಿಸಿಲಿಗೆ ಬಂತು. ಮೇಷ್ಟ್ರು ಕಿಟಕಿಯ ಪಕ್ಕದಲ್ಲೇ ಕೋಳಿಯನ್ನು ನೋಡುತ್ತ ನಡೆದರು. ಕೋಳಿ ಒಂದು ಸಲ ಕತ್ತು ತಿರುಗಿಸಿತು, ಏಳಲಿಲ್ಲ. ಮೇಷ್ಟ್ರು ಚೊಂಬಿನ ನೀರನ್ನು ಹುಣಸೆಮರದ ಬುಡಕ್ಕೆ ಸುರಿದರು. "ಇದೇ ಕಣಮ್ಮ" ಅಂದರು. ಅಷ್ಟು ವರ್ಷದಲ್ಲಿ ಅವರ ಹಲ್ಲು ನಾನು ಕಂಡದ್ದು ಅವತ್ತೇ.

ಮರಿ ಆಗುವವರೆಗೆ ಕಾರು ತೆಗೆಯುವಂತಿಲ್ಲ ಅಂತ ಗಿರಣಿಯವರಿಗೆ ಹೇಳಿದರು. ಹೊರಗೆ ರಸ್ತೆಗೆ ಬಂದಾಗ ನಾನು ಎದುರುಗಡೆ ಕೈ ತೋರಿಸಿದೆ. "ಮೇಷ್ಟ್ರೇ, ಇಲ್ಲಿಗೆ ಅರ್ಧ ದಾರಿ ಬಂದಾಯ್ತು. ಇನ್ನರ್ಧ ಹೋದ್ರೆ ನಂಜನಗೂಡು. ಬಸ್ಸು ಬರೋ ಹೊತ್ತಾಯ್ತು. ಹೋಗಿ ಮುಖ ತೋರಿಸಿ, ಕಾರು ಸಿಕ್ತು ಅಂತಾನಾದ್ರೂ ಹೇಳ್ಬನ್ನಿ." ಅವರು ಆ ಕಡೆ ತುಂಬ ಹೊತ್ತು ನೋಡಿದರು. ಬಸ್ಸು ಬಂತು, ನಿಂತಿತು, ಹೋಯಿತು. "ಬರಿಗೈಲಿ ಹೋಗಿ ಏನಂತ ಕರೀಲಿ?" ಅಂದರು. ನಾವು ಮೈಸೂರಿನ ಬಸ್ಸು ಹತ್ತಿದೆವು.

ಕಾರು ಎತ್ತಿನ ಹಿಂದೆ ಕಟ್ಟಿಸಿಕೊಂಡು ಲಕ್ಷ್ಮೀಪುರಂಗೆ ಬಂತು. ಮೇಷ್ಟ್ರು ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಸಿದರು. ಶೆಡ್ಡಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಾರನ್ನು ನಿಜವಾದ ಅಳತೆಗೇ ಬರೆದರು. ಮಳೆ ಬಂದು ಅಳಿಸಿದರೆ ಮತ್ತೆ ಬರೆಯುವುದು. ಮಳೆಗಾಲದಲ್ಲಿ ಮೇಷ್ಟ್ರಿಗೆ ಕಾರೇ ಇರೋದಿಲ್ಲ ಅಂತ ನಾವು ನಗಾಡುತ್ತಿದ್ದೆವು. ಇಂಜಿನ್ನು ಒಂದು ಕಡೆಯದು, ಬಾಗಿಲು ಇನ್ನೊಂದು ಕಡೆಯದು, ದೀಪಗಳು ಒಂದಕ್ಕೊಂದು ಅಕ್ಕತಂಗಿಯರೂ ಅಲ್ಲ. ಹಿಂದಿನ ಸೀಟು ಮಾತ್ರ ಹೊಸದು. ಬೂರುಗದ ಹತ್ತಿ ತರಿಸಿ, ಬಿಸಿಲಿಗೆ ಹಾಕಿ, ಕಾಳು ಆರಿಸಿ ತಾವೇ ತುಂಬಿದರು.

ಮೊದಲ ವರ್ಷದ ಆಯುಧಪೂಜೆಗೆ ನನ್ನನ್ನು ಕರೆದರು. "ಮುತ್ತೈದೆ ಆರತಿ ಎತ್ತಬೇಕು, ಮನೇಲಿ ಯಾರೂ ಇಲ್ಲ" ಅಂದರು. ಹೋಗಿ ನೋಡುತ್ತೇನೆ, ಚಕ್ರ ಕಳಚಿ ಇಟ್ಟಿಗೆಯ ಮೇಲೆ ಇಟ್ಟ ಬರೀ ಕಬ್ಬಿಣದ ಚೌಕಟ್ಟು, ಹಿಂದೆ ಒಂದು ಸೀಟು. ಅರಿಶಿನ ಕುಂಕುಮ ಇಟ್ಟು, ಚೆಂಡುಹೂವು ಕಟ್ಟಿದ್ದರು. ಚಕ್ರಗಳು ಇರಬೇಕಾದ ನಾಲ್ಕು ಕಡೆ ನೆಲದ ಮೇಲೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದರು.

"ಚಕ್ರವೇ ಇಲ್ಲ, ನಿಂಬೆಹಣ್ಣು ಯಾರು ತುಳೀಬೇಕು ಮೇಷ್ಟ್ರೇ?"

"ಬರುತ್ತೆ ಕಣಮ್ಮ. ನೀವು ಆರತಿ ಎತ್ತಿ."

ಎತ್ತಿದೆ. ನಿಂಬೆಹಣ್ಣು ಅಲ್ಲೇ ಒಣಗಿತು. ಮುಂದಿನ ವರ್ಷಗಳಲ್ಲೂ ಹಾಗೇ ಆಯಿತು. ಆರತಿ ತಟ್ಟೆ ಹಿಡಿದು ಆ ಖಾಲಿ ಸೀಟಿನ ಮುಂದೆ ನಿಂತಾಗ ನನಗೆ ಅಳು ಬಂದುಬಿಡುತ್ತಿತ್ತು. ಮನೆಗೆ ಬಂದು ನಮ್ಮವರ ಮೇಲೆ ರೇಗುತ್ತಿದ್ದೆ. ಪಾಪ, ಅವರೇನು ಮಾಡಿದ್ದರು?

ಎಲ್ಲ ಮುಗಿದು ಬಣ್ಣಕ್ಕೆ ಬಂದಾಗ ಮೇಷ್ಟ್ರು ಯಾವ ಬಣ್ಣ ಇರಲಿ ಅಂತ ನನ್ನನ್ನು ಕೇಳಿದರು. "ನನ್ನ ಯಾಕೆ ಕೇಳ್ತೀರಿ? ಅವರಿಗೆ ಯಾವ ಬಣ್ಣ ಇಷ್ಟ?" ಅಂದೆ. ಮೇಷ್ಟ್ರು ಕುಂಚ ಹಿಡಿದುಕೊಂಡು ಯೋಚಿಸಿದರು. ಅವರಿಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದ ಸಂಸಾರ, ಕೇಳಿರಲಿಲ್ಲ. ಕೊನೆಗೆ ಕಪ್ಪು ಬಳಿದರು.

ಚೆನ್ನಾಗಿ ನೆನಪಿದೆ, ಯುಗಾದಿ ಕಳೆದ ಮೇಲಿನ ಸೋಮವಾರ. ಹೂವು, ಕುಂಕುಮ, ರವಿಕೆ ಕಣ ತಟ್ಟೆಯಲ್ಲಿ ಇಟ್ಟುಕೊಂಡು ನಾನೂ ಹೊರಟೆ. ಕರೆಯಲು ಒಂದು ಹೆಣ್ಣು ಬೇಕಲ್ಲ. ಕಾರು ಹೊರಟಾಗ ನಿಂಬೆಹಣ್ಣು ಕೊನೆಗೂ ಚಕ್ರದ ಕೆಳಗೆ ಅಪ್ಪಚ್ಚಿಯಾಯಿತು. ನಾನು ಹಿಂದೆ ಬಲಗಡೆ ಕೂತೆ. ಎಡಗಡೆ ಚೊಂಬಿನ ತುಂಬ ನೀರು. ಕಡಕೊಳ ದಾಟಿದೆವು, ಒಂದು ತೊಟ್ಟು ಚೆಲ್ಲಲಿಲ್ಲ. ಸಾಬರ ಹತ್ತಿರ ಓಡಿಸಲು ಕಲಿತು ತಾವೇ ಸ್ಟಿಯರಿಂಗು ಹಿಡಿದಿದ್ದ ಮೇಷ್ಟ್ರು ಹಿಂದೆ ತಿರುಗದೆ, "ಹೇಗಿದೆ?" "ಹೇಗಿದೆ?" ಅಂತ ದಾರಿಯುದ್ದಕ್ಕೂ ಕೇಳಿದರು. "ಹಾಗೇ ಇದೆ" ಅಂತ ನಾನೂ ದಾರಿಯುದ್ದಕ್ಕೂ ಹೇಳಿದೆ.

ಮನೆಯ ಮುಂದೆ ಕಾರು ನಿಂತಾಗ ಬಾಗಿಲಿಗೆ ಬಂದವರು ಆಕೆಯೇ. ಕುತ್ತಿಗೆಯಲ್ಲಿ ಹೊಲಿಗೆಯ ಟೇಪು ಇತ್ತು. ಬೀದಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಗಂಡನನ್ನು ನೋಡಿ ಹೊಸಿಲಲ್ಲೇ ನಿಂತರು. "ಈಗ ಬಂದ್ರಾ" ಅಂದರು.

"ಕಾರು ತಂದಿದೀನಿ" ಅಂದರು ಮೇಷ್ಟ್ರು.

"ಕಾರಾ? ಯಾತಕ್ಕೆ?"

"ನೀನು ಅಂದಿದ್ಯಲ್ಲ. ಕಾರು ತಂದು ಕರೆದ್ರೇ ಬರೋದು ಅಂತ."

ಆಕೆ ಒಮ್ಮೆ ನನ್ನನ್ನು, ಒಮ್ಮೆ ಕಾರನ್ನು ನೋಡಿದರು. ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂತ ನನಗೆ ತಿಳಿಯಿತು. "ಅಂದಿರ್ಬೋದು" ಅಂದರು. "ಅವತ್ತು ಏನೇನೋ ಅಂದೆ. ದೇವ್ರಿಗೂ ಬೈದೆ. ಅದನ್ನೆಲ್ಲ ಯಾರಾದ್ರೂ ಇಟ್ಕೋತಾರಾ? ಮೇಷ್ಟ್ರಿಗೆ ಕಾರಿನ ಹುಚ್ಚು ಹಿಡಿದಿದೆ ಅಂತ ಮೈಸೂರಿಂದ ಬಂದೋರು ಹೇಳೋರು. ಸರಿ, ನನ್ನ ಮರೆತ್ರು ಅಂದ್ಕೊಂಡೆ. ಬಾಣಂತನ ಮುಗಿದ ವಾರ ಬಂದು ಎದ್ದು ನಡಿ ಅಂದಿದ್ರೆ ನಡ್ಕೊಂಡೇ ಬರ್ತಿದ್ದೆ ಕಣ್ರೀ. ಜಟಕಾದಲ್ಲೇ ಬರ್ತಿದ್ದೆ."

ಮೇಷ್ಟ್ರು ಕೊಡೆಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತರು. ನಾನು ತಟ್ಟೆ ಮುಂದೆ ಮಾಡಿ, "ಈಗ್ಲಾದ್ರೂ ಬನ್ನಿ ಅಕ್ಕ" ಅಂದೆ. ಆಕೆ ಕುಂಕುಮ ಇಟ್ಟುಕೊಂಡರು, ಹೂವು ಮುಡಿದುಕೊಂಡರು. "ಅಮ್ಮ ಹಾಸಿಗೆ ಹಿಡಿದಿದಾರೆ. ಅವರನ್ನ ಬುಟ್ಟು ಎಲ್ಲಿಗೆ ಬರ್ಲಿ? ಬರಲ್ಲ" ಅಂದರು. ಕಾಫಿ ಕೊಟ್ಟರು. ಹೊರಡುವಾಗ ಕಾರಿನ ತನಕ ಬಂದು ಹಿಂದಿನ ಕಿಟಕಿಯ ಮೇಲೆ ಕೈ ಇಟ್ಟರು. "ಒಂದು ಗಳಿಗೆ ಕೂತ್ಕೊಂಡ್ ನೋಡಿ" ಅಂದೆ. "ಹತ್ತಿದ್ರೆ ಇಳಿಯೋಕಾಗಲ್ಲ ಕಣಮ್ಮ" ಅಂದರು.

ವಾಪಸು ಬರುವಾಗ ಮೇಷ್ಟ್ರು ಚೊಂಬನ್ನು ಸೀಟಿನ ಕೆಳಗೆ ಇಟ್ಟರು. ಕಡಕೊಳದಲ್ಲಿ ನಾನು, "ಇನ್ನೊಂದ್ಸಲ ಬಂದು ಕರೀರಿ, ಅವರ ಮನಸ್ಸಲ್ಲಿ ಇದೆ" ಅಂದೆ. "ಬರಲ್ಲ ಅಂದಳಲ್ಲಮ್ಮ" ಅಂದರು ಮೇಷ್ಟ್ರು. ಆ ಮನುಷ್ಯನ ತಲೆಯನ್ನು ಗೋಡೆಗೆ ಗಟ್ಟಿಸಬೇಕು ಅನ್ನಿಸಿತು. ದಾರಿಯುದ್ದಕ್ಕೂ ಅವರು ಮತ್ತೆ ಏನೂ ಕೇಳಲಿಲ್ಲ.

ಆಮೇಲೆ ಆ ಕಾರು ಏನಾಯಿತು ಅಂದರೆ, ನಮ್ಮ ಬೀದಿಯ ಬಸುರಿಯರ ಕಾರಾಯಿತು. ಯಾರೂ ಗೊತ್ತು ಮಾಡಿದ್ದಲ್ಲ. ಎದುರು ಮನೆಯ ಹುಡುಗಿಗೆ ನೋವು ಬಂದಾಗ ಮೇಷ್ಟ್ರೇ ಕಾರು ತಂದು ನಿಲ್ಲಿಸಿದರು. ಅಲ್ಲಿಂದ ಅಕ್ಕಪಕ್ಕದ ಬೀದಿಯವರೂ ಬಂದು ಕರೆಯತೊಡಗಿದರು. ನನ್ನ ಕಿರಿಯವಳು ಹುಟ್ಟಿದಾಗ ನಾನೂ ಆ ಎಡಗಡೆ ಸೀಟಿನಲ್ಲೇ ಹೋದೆ. ಎತ್ತಿನ ನಡಿಗೆಯಲ್ಲಿ ಓಡಿಸುತ್ತಿದ್ದರು. ಗುಂಡಿಗಳೆಲ್ಲ ಅವರಿಗೆ ಗುರುತು. ಆಸ್ಪತ್ರೆಯ ಹೊರಗೆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಕಾಯುವುದು, ಕೂಸು ಅತ್ತಿತು ಅಂತ ಯಾರಾದರೂ ಬಂದು ಹೇಳಿದ ಕೂಡಲೆ ಹೊರಟುಬಿಡುವುದು. ಒಂದು ಮನೆಯ ಸಕ್ಕರೆಗೂ ಅವರು ನಿಂತವರಲ್ಲ. ನಾಮಕರಣಗಳಿಗೆ ಕರೆದರೆ ಬರುತ್ತಿದ್ದರು, ಮೂಲೆಯಲ್ಲಿ ಕೂತು ಉಂಡು ಕೊಡೆ ತೆಗೆದುಕೊಂಡು ಹೋಗುತ್ತಿದ್ದರು. ಯಾವ ಮಗುವನ್ನೂ ಎತ್ತಿಕೊಂಡದ್ದು ನಾನು ಕಾಣೆ.

ನಂಜನಗೂಡಿನಲ್ಲಿ ಅವರ ಹೆಂಡತಿಯ ತಾಯಿ ತೀರಿಹೋದ ಸುದ್ದಿ ಮೇಷ್ಟ್ರಿಗೆ ಬಂದದ್ದು ಕರ್ಮವೆಲ್ಲ ಮುಗಿದ ಮೇಲೆ. ನಾನು ಮತ್ತೆ ಜಗಳಕ್ಕೆ ಹೋದೆ. ಅವರು ಅದೇ ಹೇಳಿದರು. ಬರಲ್ಲ ಅಂದಿದಾಳೆ.

ಈ ಕಾರ್ತಿಕದ ಒಂದು ಬೆಳಿಗ್ಗೆ ಅವರ ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ನಮ್ಮವರು ಬಾಗಿಲು ಒಡೆಸಿದರು. ಮಲಗಿದ ಹಾಗೇ ಹೋಗಿದ್ದರು. ನಮ್ಮವರೇ ನಂಜನಗೂಡಿಗೆ ತಂತಿ ಕೊಟ್ಟರು. ಸಾಬರನ್ನು ಕರೆಸಿ ಮೇಷ್ಟ್ರ ಕಾರು ಕಳಿಸೋಣ ಅಂತ ನಾನು ಅನ್ನುತ್ತಿರುವಾಗಲೇ, ಮಧ್ಯಾಹ್ನದ ಹೊತ್ತಿಗೆ, ಆಕೆ ಬೀದಿಯ ತುದಿಯಲ್ಲಿ ಕಾಣಿಸಿದರು. ಒಂದು ಬಟ್ಟೆಯ ಚೀಲ, ಒಬ್ಬರೇ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಮುಂದೆ ನಿಂತರು. ಜೋರಾಗಿ ಅಳಲಿಲ್ಲ. ಅವರ ಅಂಗಿಯ ತೋಳು ಸರಿಮಾಡಿದರು.

ಮಣ್ಣು ಮಾಡಿ ಗಂಡಸರು ಬಂದ ಮೇಲೆ, ಸಂಜೆ, ಆಕೆ ಮನೆಯಲ್ಲಿ ಕಾಣಲಿಲ್ಲ. ಹುಡುಕಿಕೊಂಡು ಶೆಡ್ಡಿಗೆ ಹೋದೆ. ಕಾರಿನ ಹಿಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದರು. ಬಾಗಿಲು ತೆರೆದೇ ಇತ್ತು. ಸೀಟಿನ ಕೆಳಗಿನ ಚೊಂಬು ಸಿಕ್ಕಿತ್ತು, ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಕಾರು ಕಳಿಸ್ತಿದ್ವಲ್ಲ ಅಕ್ಕ. ಬಸ್ಸಲ್ಲಿ ಬಂದ್ಬುಟ್ರಲ್ಲ" ಅಂದೆ.

"ಯಾರೂ ಕರೀಲಿಲ್ಲ, ನಾನೇ ಬಂದೆ. ಇಷ್ಟೇ ದಾರಿ ಕಣಮ್ಮ. ಹತ್ತಿ ಕೂತೆ, ಒಂದು ಗಂಟೇಲಿ ಮೈಸೂರು." ಮಡಿಲ ಚೊಂಬನ್ನು ತಿರುಗಿಸುತ್ತ, "ಅಮ್ಮ ಹೋದ್ಮೇಲೆ ಬರ್ತಾರೆ ಅಂತಿದ್ದೆ" ಅಂದರು.

"ನೀವು ಬರಲ್ಲ ಅಂದಿದ್ರಲ್ಲ, ಅದಕ್ಕೇ."

"ಅಂದಿದ್ದೆ. ಅವರ ಹತ್ರ ಮಾತಾಡೋವಾಗ ಹುಷಾರಾಗಿರ್ಬೇಕಿತ್ತು."

ಸೀಟಿನ ಮೇಲೆ ಅಂಗೈ ಊರಿ ಒತ್ತಿ ನೋಡಿದರು. ಬೂರುಗದ ಹತ್ತಿ ಇನ್ನೂ ಮೆತ್ತಗೇ ಇತ್ತು.

"ಇದ್ರಲ್ಲಿ ಯಾರ್ಯಾರು ಕೂತಿದ್ರು?"

ನಾನು ಹೇಳಿದೆ. ಎದುರು ಮನೆಯವಳು, ಮೂಲೆ ಅಂಗಡಿಯವರ ಸೊಸೆ, ಹಿಂದಿನ ಬೀದಿಯ ಅಕ್ಕತಂಗಿಯರು, ನಾನು. ನೆನಪಾದವರನ್ನೆಲ್ಲ ಹೇಳಿದೆ. ಆಕೆ ಒಬ್ಬೊಬ್ಬರ ಹೆಸರಿಗೂ ತಲೆ ಆಡಿಸುತ್ತ ಕೇಳಿಸಿಕೊಂಡರು.

"ಮಕ್ಕಳೆಲ್ಲ ಉಳಿದ್ವಾ?"

"ಉಳಿದ್ವು ಅಕ್ಕ. ಎಲ್ಲವೂ ಉಳಿದ್ವು."

"ಸರಿ" ಅಂದರು. ಒಳಗಿನಿಂದ ಬಾಗಿಲು ಎಳೆದುಕೊಂಡರು. ಅದು ಸದ್ದಾಗದೆ ಮುಚ್ಚಿಕೊಂಡಿತು. ನಾನು ಮನೆಗೆ ಬಂದು ಅವರಿಗೆ ಕಾಫಿಗೆ ಇಟ್ಟೆ.